ಗೆರೆಯ ಮೇಲೆ ಕೂರದ ಚುಕ್ಕಿ

ನೋಡಿ ಸ್ವಾಮಿ, ಕೋಟ್ಯಂತರ ಜ್ಯೋತಿರ್ವರ್ಷಗಳಾಚೆ ಇರುವ ಗ್ಯಾಲಕ್ಸಿಯೊಂದನ್ನು ಎತ್ತಿ ಬೇರೆ ಕಡೆ ಕೂರಿಸಿದ ಗಂಡು ಇಡೀ ಭದ್ರಾವತಿಗೆ ಒಬ್ಬನೇ. ಕಾರ್ಖಾನೆ ಶೇಷಪ್ಪನ ಮಗ ಮುರಳಿ, ಅಂದರೆ ನಾನು. ಆಯುಧ ಒಂದು ಬ್ಲೇಡು, ಒಂದು ಪೆನ್ನು.

೧೯೯೮. ಶಿವಮೊಗ್ಗದಲ್ಲಿ ಕೊನೆಯ ವರ್ಷದ ಬಿ.ಎಸ್ಸಿ. ಓದುತ್ತಿದ್ದೆ. ಕಾಲೇಜಿನ ಸೆಮಿನಾರಿನಲ್ಲಿ ಗೆದ್ದ ಒಬ್ಬರಿಗೆ ಬೆಂಗಳೂರಿನ ಸಂಶೋಧನಾ ಸಂಸ್ಥೆಯಲ್ಲಿ ಎರಡು ತಿಂಗಳ ತರಬೇತಿ. ನಮ್ಮ ಕ್ಲಾಸಿನ ಪ್ರಿಯಂವದಾ ಅದಕ್ಕಾಗಿ ವರ್ಷವಿಡೀ ಕಾದಿದ್ದಳು. ಸೆಮಿನಾರಿನ ಹಿಂದಿನ ಸಂಜೆ ಊರಿಗೆ ಹೋಗುವ ಬಸ್ಸು ಮಲವಗೊಪ್ಪ ದಾಟುವಾಗ ನನಗೇ ಪಾಠ ಮಾಡಿದಳು.

"ಎದುರಿಗೆ ಬರೋ ಲಾರಿ ಲೈಟು ಕಣ್ಣು ಕುಕ್ಕುತ್ತಲ್ಲ? ಪಕ್ಕದಿಂದ ನೋಡಿದ್ರೆ ಏನೂ ಇಲ್ಲ. ಜೆಟ್ಟೂ ಹಂಗೇ ಕಣೋ. ಗ್ಯಾಲಕ್ಸಿ ನಡುವಿನ ಕಪ್ಪುಕುಳಿ ಹತ್ರದಿಂದ ಕಣಗಳ ಧಾರೆ, ಹೆಚ್ಚುಕಮ್ಮಿ ಬೆಳಕಿನಷ್ಟೇ ಜೋರಾಗಿ ಚಿಮ್ಮುತ್ತೆ. ನಮ್ ಕಡೆ ತಿರುಗಿದ್ರೆ ಗಾಮಾ ಕಿರಣ ಸಿಕ್ಕಾಪಟ್ಟೆ."

"ತಿರುಗಿಲ್ಲ ಅಂದ್ರೆ ನಮ್ ಮೇಲೆ ಸಿಟ್ಟಾ ಮಾರಾಯ್ತಿ?"

"ನಿನ್ ತಲೆ."

ಅವಳ ಗ್ರಾಫಿನಲ್ಲಿ ಅಡ್ಡಕ್ಕೆ ಜೆಟ್ಟಿನ ರೇಡಿಯೋ ಬಲ, ಉದ್ದಕ್ಕೆ ಗಾಮಾ ಕಿರಣ. ಒಂದೊಂದು ಚುಕ್ಕಿಯೂ ಒಂದೊಂದು ಗ್ಯಾಲಕ್ಸಿ. ಇಪ್ಪತ್ತೊಂದು ಚುಕ್ಕಿ ಗೆರೆಯ ಆಸುಪಾಸು, ಒಂದು ಮಾತ್ರ ತೀರಾ ಕೆಳಗೆ. ನಮ್ಮ ಲ್ಯಾಬಿನ ಸಂಪ್ರದಾಯವೋ, ಮೊದಲು ಉತ್ತರ, ಆಮೇಲೆ ರೀಡಿಂಗು. ಚುಕ್ಕಿ ಗೆರೆಯ ಮೇಲೆ ಕೂರದಿದ್ದರೆ ರೆಕಾರ್ಡಿಗೆ ಸಹಿ ಬೀಳುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅವಳು ಗ್ರಾಫಿನ ಹಾಳೆಯನ್ನು ಲ್ಯಾಬಿನಲ್ಲಿಟ್ಟು ತಿಂಡಿಗೆ ಹೋದಾಗ ಆ ಒಂದನ್ನು ಬ್ಲೇಡಿನಲ್ಲಿ ಕೆರೆದು ಗೆರೆಯ ಮೇಲೆ ಕೂರಿಸಿದೆ. ಉಪಕಾರ.

ಸೆಮಿನಾರಿನಲ್ಲಿ ಅವಳು ಕೋಲು ಹಿಡಿದು, "ಈಗ ಈ ಒಂಟಿ ಚುಕ್ಕಿ ನೋಡಿ ಸರ್," ಎಂದಳು. ಕೋಲು ನಿಂತ ಜಾಗದಲ್ಲಿ ಏನೂ ಇರಲಿಲ್ಲ.

ತೀರ್ಪುಗಾರರಾಗಿ ಬಂದಿದ್ದ ಪ್ರೊಫೆಸರ್ ನರಸಿಂಹಮೂರ್ತಿ ಹಾಳೆ ಬಿಚ್ಚಿಸಿ ಕಿಟಕಿಗೆ ಹಿಡಿದರು. ಕೆರೆದ ಕಡೆ ಬೆಳಕು ತೂರಿತು.

"ಕೆರೆದಿದೀಯಲ್ಲಮ್ಮ."

"ನಾನಲ್ಲ ಸರ್."

"ಮತ್ತೆ ಗ್ಯಾಲಕ್ಸಿ ತಾನೇ ಎದ್ದು ಹೋಯ್ತಾ?"

ಎಲ್ಲರೂ ನಕ್ಕರು. ಹಿಂದಿನ ಬೆಂಚಿನಿಂದ ನಾನೂ. ತರಬೇತಿ ಬೇರೆಯವರ ಪಾಲಾಯಿತು.

ಉಪಕಾರ ಅಂದೆನಲ್ಲ, ಅದು ಸುಳ್ಳು. ಆ ಬಸ್ಸಿನಲ್ಲೇ ಅವಳು ಕೆಳಗಿನ ಚುಕ್ಕಿಯ ಮೇಲೆ ಬೆರಳಿಟ್ಟು ಹೇಳಿದ್ದಳು: "ಇದರ ಜೆಟ್ಟು ನಮ್ ಕಡೆ ತಿರುಗಿಲ್ಲ. ನಾಳೆ ನಾನು ಹೇಳೋದೆಲ್ಲ ಇದೊಂದರ ಮೇಲೇ." ಗೊತ್ತಿದ್ದೇ ಕೆರೆದೆ. ಅವಳು ಒಂದು ಕ್ಷಣ ತಬ್ಬಿಬ್ಬಾಗಲಿ, ಆಮೇಲೆ ಹೀರೋ ಥರ ಎದ್ದು ನಿಂತು ನಿಜ ಹೇಳೋಣ ಎಂದುಕೊಂಡಿದ್ದೆ. ಡೈಲಾಗೂ ಬಾಯಿಪಾಠವಾಗಿತ್ತು.

ನಾನು ಏಳಲೇ ಇಲ್ಲ.