ಕಪ್ಪು ಗಾಜಿನ ಹೆಲ್ಮೆಟ್

ನಾನು ಒಂದು ಹೆಲ್ಮೆಟ್. ಹೆಣ್ಣುಮಕ್ಕಳ ಹೆಲ್ಮೆಟ್ ಎಂದು ಅಂಗಡಿಯವನು ಹೇಳುತ್ತಿದ್ದ. ನನಗೆ ಗುಲಾಬಿ ಬಣ್ಣ ಬಳಿದದ್ದೇ ಅದಕ್ಕೆ ಕಾರಣ, ಬೇರೇನಿಲ್ಲ. ಕಾರ್ಖಾನೆಯ ಅಚ್ಚಿನಿಂದ ಬಿಸಿಬಿಸಿಯಾಗಿ ಹೊರಬಿದ್ದೆ. ನನ್ನ ಜೊತೆಯವನೊಬ್ಬನ ಮೇಲೆ ಕಬ್ಬಿಣದ ಗುಂಡು ಬೀಳಿಸಿ ನೋಡಿ, ನಮ್ಮೆಲ್ಲರನ್ನೂ ಪಾಸು ಮಾಡಿದರು. ತಲೆ ಕಾಯುವ ಕುಲ ನಮ್ಮದು ಎಂಬ ಜಂಬ ನನಗೆ ಅಲ್ಲಿಂದಲೇ ಬಂತು.

ಹುಬ್ಬಳ್ಳಿಯ ಅಂಗಡಿಯಲ್ಲಿ ನೇತಾಡುತ್ತಿದ್ದ ನನ್ನನ್ನು ವಿನಾಯಕ ಎಂಬ ಕಾಲೇಜು ಹುಡುಗ ಕೊಂಡ. ಬಿಳಿ ಗಾಜು ತೆಗೆಸಿ ಕಪ್ಪು ಗಾಜು ಹಾಕಿಸಿದ. ಅವನ ಬೈಕಿನ ಹಿಂದೆ ಕೂರುವ ಶಿವಲೀಲಾಗೆ ನಾನು ಉಡುಗೊರೆಯಾದೆ.

"ನೀ ನಮ್ಮಾಕಿ. ನಿನ್ನ ಮಾರಿ ಊರ ಮಂದಿ ಯಾಕ ನೋಡಬೇಕು?" ಎಂದ.

ಹುಡುಗಿ ನಾಚಿದಳು. ಅವಳ ಕೆನ್ನೆ ಬಿಸಿಯಾದದ್ದು ಅವಳ ತಲೆಗೇರಿದ್ದ ನನಗಷ್ಟೇ ತಿಳಿಯಿತು. ವಿನಾಯಕ ಅವಳ ಅವ್ವ ಕಸ್ತೂರೆವ್ವನ ತವರಿನ ಕಡೆಯ ಹುಡುಗ. ನನ್ನನ್ನು ಕಂಡು ಕಸ್ತೂರೆವ್ವ ಹಿಗ್ಗಿ ಹೀರೇಕಾಯಿಯಾದಳು. "ಎಷ್ಟ್ ಕಾಳಜಿ ನೋಡ್ ಹುಡುಗಂದು!" ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು.

ಮೊದಮೊದಲು ಅವನು ಬೆರಳಿನಿಂದ ನನ್ನ ಮೇಲೆ ಟಕ್ ಟಕ್ ಎಂದು ಬಡಿಯುತ್ತಿದ್ದ, ತಮಾಷೆಗೆ. ಆಮೇಲೆ ಮುಷ್ಟಿ ಬಂತು. ಫೋನ್ ಯಾಕೆ ಎತ್ತಲಿಲ್ಲ, ಆ ಹುಡುಗನ ಹತ್ತಿರ ನೋಟ್ಸ್ ಯಾಕೆ ಕೇಳಿದೆ, ಒಂದಲ್ಲ ಒಂದು ನೆಪ. "ಹೆಲ್ಮೆಟ್ ಹಾಕ್ಕೋ" ಎನ್ನುತ್ತಿದ್ದ. ಹಾಕಿಕೊಂಡ ಮೇಲೆ ಹೊಡೆಯುತ್ತಿದ್ದ. ಒಮ್ಮೆಯಂತೂ ನನ್ನನ್ನು ಅವಳ ತಲೆಸಮೇತ ಗೋಡೆಗೆ ಅಪ್ಪಳಿಸಿದ. ನಾನು ಸೀಳಿಹೋದೆ. ಅವಳ ಕಿವಿಯಲ್ಲಿ ದಿನವೆಲ್ಲ ಗುಂಯ್ ಎನ್ನುತ್ತಿತ್ತು, ಚರ್ಮ ಮಾತ್ರ ಎಲ್ಲೂ ಒಡೆದಿರಲಿಲ್ಲ. ಪಾಪಿ, ಅಷ್ಟು ಬುದ್ಧಿವಂತ.

ಶಿವಲೀಲಾ ಅವ್ವನಿಗೆ ಹೇಳಿದಳು. ಕಸ್ತೂರೆವ್ವ ಎಣ್ಣೆ ಹಚ್ಚುವಾಗಿನಂತೆ ಮಗಳನ್ನು ಮುಂದೆ ಕೂರಿಸಿಕೊಂಡು, ಕೂದಲು ಬಿಡಿಸಿ ಬಿಡಿಸಿ ನೋಡಿದಳು.

"ಎಲ್ಲೈತಿ? ಒಂದ್ ಗಾಯನೂ ಇಲ್ಲಲ್ಲ. ಹುಡುಗುರು ಸಿಟ್ನ್ಯಾಗ ಏನರ ಅಂತಾರ, ಹೊಟ್ಟಿಗೆ ಹಾಕ್ಕೋಬೇಕು."

ಸೀಳಿಹೋದ ನಾನು ಅಲ್ಲೇ ಮೊಳೆಗೆ ತೂಗುತ್ತಿದ್ದೆ. ನನ್ನ ಕಡೆ ಯಾರೂ ನೋಡಲಿಲ್ಲ.

ಕೊನೆಗೊಂದು ದಿನ ಶಿವಲೀಲಾ ನಡುದಾರಿಯಲ್ಲಿ ಬೈಕಿನಿಂದ ಇಳಿದು, ನನ್ನನ್ನು ತೆಗೆಯುವುದೂ ಮರೆತು ಬಸ್ ಹತ್ತಿಬಿಟ್ಟಳು. ಬಸ್ಸಿನ ಮಂದಿ ನಕ್ಕರು. ಅವತ್ತಿನಿಂದ ಅವನ ಹತ್ತಿರ ಹೋಗಲಿಲ್ಲ. ಧಾರವಾಡದ ಒಂದು ನಾಟಕ ತಂಡ ಸೇರಿ, ತನ್ನ ಕಥೆಯನ್ನೇ ನಾಟಕ ಮಾಡಿದಳು. ರಂಗದ ಮೇಲೆ ಅವಳೊಬ್ಬಳೇ. ಸ್ಟೂಲಿನ ಮೇಲೆ ಕೂತ ನಾನೇ ವಿನಾಯಕ. ತಲೆ ಕಾಯಲು ಹುಟ್ಟಿದವನಿಗೆ ಸಿಕ್ಕ ಪಾತ್ರ ನೋಡಿ! ಕೊನೆಯ ದೃಶ್ಯದಲ್ಲಿ ನನ್ನನ್ನು ಹಾಕಿಕೊಂಡು, ತನ್ನ ಮುಷ್ಟಿಯಿಂದ ತಾನೇ ಬಡಿದುಕೊಳ್ಳುತ್ತಿದ್ದಳು. ಆ ಸದ್ದಿಗೆ ಮಂದಿ ಉಸಿರು ಬಿಗಿಹಿಡಿಯುತ್ತಿದ್ದರು. ಊರೂರಲ್ಲಿ ಹೊಗಳಿದರು. ಆದರೆ ಅವಳಿಗೆ ಬೇಕಾಗಿದ್ದವಳು ಒಬ್ಬಳೇ. "ಅವ್ವ ಒಮ್ಮೆ ನೋಡ್ಲಿ, ಆಗರ ನಂಬ್ತಾಳ" ಎಂದು ಲೈಟಿನವನ ಹತ್ತಿರ ಹೇಳುತ್ತಿದ್ದಳು.

ಅಂತೂ ಕಸ್ತೂರೆವ್ವ ಬಂದಳು, ಮೊದಲ ಸಾಲಿನಲ್ಲಿ ಕೂತಳು. ಅವತ್ತು ಶಿವಲೀಲಾ ಬಡಿದುಕೊಂಡ ರಭಸಕ್ಕೆ ನನ್ನ ಸೀಳು ಇನ್ನಷ್ಟು ಬಾಯಿಬಿಟ್ಟಿತು. ಕಸ್ತೂರೆವ್ವ ಸೆರಗು ಬಾಯಿಗೊತ್ತಿ ಅಳುತ್ತಿದ್ದಳು. ಅವಳಿಗೆ ತಿಳಿಯಿತು. ಎಲ್ಲವೂ ತಿಳಿಯಿತು, ನಾನು ಕಣ್ಣಾರೆ ಕಂಡೆ.

ನಾಟಕ ಮುಗಿದ ಮೇಲೆ ವಾಡಿಕೆಯಂತೆ ಸಂವಾದ ಶುರುವಾಯಿತು. ಮಾಸ್ತರರೊಬ್ಬರು ಎದ್ದು ಕೇಳಿದರು: "ತಂಗಿ, ಇದು ನಿನ್ನ ಸ್ವಂತ ಕಥಿನ ಏನವಾ?"

ಶಿವಲೀಲಾ ಬಾಯಿ ತೆರೆಯುವುದರೊಳಗೆ ಕಸ್ತೂರೆವ್ವ ಕಣ್ಣೊರೆಸಿಕೊಂಡು ಎದ್ದು ನಿಂತಳು.

"ಅಯ್ಯ, ಇಲ್ಲರಿ! ಇಕಿ ಗೆಳತಿ ಒಬ್ಬಾಕಿ ಇದ್ಲು, ಆಕಿ ಕಥಿರಿ. ನಮ್ಮ ಮನ್ಯಾಗ ಅಂಥಾದ್ದೇನಿಲ್ಲರಿ."

"ಪಾಪ! ಆ ಹುಡುಗಿ ಈಗ ಹೆಂಗದಾಳವಾ?" ಎಂದು ಮಾಸ್ತರರು ಕೇಳಿದರು.

ಸಭೆಯೆಲ್ಲ ಶಿವಲೀಲಾಳ ಕಡೆ ತಿರುಗಿತು. ನಾನು ಅವಳ ತೊಡೆಯ ಮೇಲಿದ್ದೆ. ನನ್ನ ಪಟ್ಟಿ ಹಿಡಿದಿದ್ದ ಬೆರಳುಗಳು ನಿಧಾನವಾಗಿ ಸಡಿಲವಾದವು.

"ಅರಾಮ ಅದಾಳ್ರಿ" ಎಂದಳು.

ಆಮೇಲೆ ಅವಳು ಆ ನಾಟಕ ಆಡಲಿಲ್ಲ. ನಾನೀಗ ತಂಡದ ಅಟ್ಟದ ಮೇಲೆ, ರಟ್ಟಿನ ಕತ್ತಿ ಕಿರೀಟಗಳ ಜೊತೆ ಧೂಳು ತಿನ್ನುತ್ತ ಬಿದ್ದಿದ್ದೇನೆ. ತಂಡದವರು ಅವಳನ್ನು ಎಷ್ಟೋ ಸಲ ಕರೆದರಂತೆ, ಬರಲಿಲ್ಲವಂತೆ. ಯಾಕೆ ಬರಬೇಕು ಹೇಳಿ? ಗೆಳತಿಯ ಕಥೆಯಾದರೆ ಯಾರು ಬೇಕಾದರೂ ಆಡಬಹುದಲ್ಲ.