ದಾರ ದಾಟದ ನೀರು

ಆರು ವರ್ಷದಿಂದ ತಮ್ಮನ ನೀರು ಅಕ್ಕನ ಕೈಯಲ್ಲಿತ್ತು.

ತಮ್ಮ ಲಿಫ್ಟು ರಿಪೇರಿ ಮಾಡುವವನು. ಅಂತಸ್ತುಗಳ ನಡುವೆ ಸಿಕ್ಕಿಕೊಂಡವರ ಜೊತೆ ಬಾಗಿಲಾಚೆಯಿಂದಲೇ ಹರಟುತ್ತಾ, ಅವರ ಭಯ ಇಳಿಯುವಷ್ಟರಲ್ಲಿ ಲಿಫ್ಟನ್ನೂ ಇಳಿಸಿಬಿಡುತ್ತಿದ್ದವನು. ನಲವತ್ತೆಂಟಕ್ಕೆ ಅವನ ಹೃದಯ ಹಿಗ್ಗಿ, ಬಲ ಕಳೆದುಕೊಂಡಿತು. "ನನ್ನದು ದೊಡ್ಡ ಹೃದಯ ಅಂತ ಬಾಯಿಮಾತಿಗೆ ಹೇಳ್ತಿದ್ರು, ಈಗ ಫೋಟೋನೇ ಬಂತಲ್ಲ" ಎಂದು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಾನೇ ನಕ್ಕ. ಅಕ್ಕ ನಗಲಿಲ್ಲ. ಡಾಕ್ಟರು ಹೇಳಿದ್ದನ್ನು ಅವಳು ಆಗಲೇ ಮನಸ್ಸಿನಲ್ಲಿ ಗಂಟು ಹಾಕಿಕೊಳ್ಳುತ್ತಿದ್ದಳು: ಉಪ್ಪು ಕಡಿಮೆ, ಬೆಳಗ್ಗೆ ಎದ್ದ ಕೂಡಲೇ ತೂಕ, ನೀರು ದಿನಕ್ಕೆ ಒಂದೇ ಲೀಟರು. ಸೋತ ಹೃದಯಕ್ಕೆ ಹೆಚ್ಚಿನ ನೀರನ್ನು ನೂಕುವ ಶಕ್ತಿಯಿಲ್ಲ. ಉಳಿದ ನೀರು ಮೊದಲು ಕಾಲಿಗೆ ಇಳಿಯುತ್ತದೆ, ಆಮೇಲೆ ಎದೆಗೆ ಏರುತ್ತದೆ.

ಅವಳು ಹೊಲಿಗೆಯವಳು. ಗಂಡ ತೀರಿಕೊಂಡ ಮೇಲೆ ಮದುವೆಯಾಗದ ತಮ್ಮನ ಎರಡು ಕೋಣೆಯ ಮನೆಗೆ ಮೆಷಿನ್ನು ಹೊತ್ತು ಬಂದವಳು. ಅಳತೆಯ ವಿಷಯದಲ್ಲಿ ದೇವರು ಬಂದು ಕೇಳಿದರೂ ಅರ್ಧ ಇಂಚು ಬಿಡುವವಳಲ್ಲ. ಒಂದು ದೊಡ್ಡ ಗಾಜಿನ ಬಾಟಲಿಗೆ ಅಳೆದು ಒಂದು ಲೀಟರು ನೀರು ಸುರಿದು, ನೀರು ನಿಂತ ಮಟ್ಟಕ್ಕೆ ಕೆಂಪು ದಾರ ಬಿಗಿದು ಕಟ್ಟಿದಳು. ಬೆಳಗ್ಗೆ ದಾರದವರೆಗೆ ತುಂಬಿಸಿದರೆ ಆಯಿತು. ಮಾತ್ರೆ ನುಂಗುವುದೂ ಅದರಲ್ಲೇ, ಚಹಾ ಕಾಸುವುದೂ ಅದರಲ್ಲೇ.

"ಜೈಲಲ್ಲೂ ನೀರು ಬೇಕಾದಷ್ಟು ಕೊಡ್ತಾರಂತೆ ಅಕ್ಕಾ."

"ಹೋಗು ಹಾಗಾದ್ರೆ, ಏನಾದ್ರೂ ಕದ್ದು ಹೋಗು. ನನಗೂ ಒಂದು ಕೆಲಸ ಕಡಿಮೆಯಾಗುತ್ತೆ."

ಹೀಗೆ ಆರು ವರ್ಷ ದಾರ ತಮ್ಮನನ್ನು ಕಾಪಾಡಿತು.

ಆ ಸಲದ ಜ್ವರ ಬೀದಿಯ ಮನೆಮನೆಗೂ ಹೊಕ್ಕು ಬಂತು. ಏನೋ ಹೊಸ ವೈರಸ್ಸಂತೆ. ಔಷಧಿ ಅಂಗಡಿಯ ಗಾಜಿನ ಮೇಲೆ ಕಾಗದ ಅಂಟಿಸಿದ್ದರು: ವಿಶ್ರಾಂತಿ ಪಡೆಯಿರಿ, ಧಾರಾಳವಾಗಿ ನೀರು ಕುಡಿಯಿರಿ. ತಮ್ಮನಿಗೆ ಜ್ವರ ಬಂದ ಎರಡನೆಯ ದಿನ ಮಾತ್ರೆ ತರಲು ಹೋದ ಅಕ್ಕ ಅದನ್ನು ಎರಡು ಸಲ ಓದಿದಳು. ಮೇಲಿನ ಮನೆಯ ಹೆಂಗಸು ಮೆಟ್ಟಿಲ ಮೇಲಿಂದಲೇ ಕೂಗಿದಳು: "ಜ್ವರಕ್ಕೆ ನೀರೇ ಮದ್ದು ಕಣಮ್ಮ, ಚೆನ್ನಾಗಿ ಕುಡಿಸು. ಒಣಗಿಸಿ ಕೊಲ್ಲಬೇಡ."

ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಬಾಟಲಿ ಬರಿದಾಗಿತ್ತು. ಕೆಂಡದ ಹಾಗೆ ಸುಡುತ್ತಿದ್ದ ತಮ್ಮ ನಾಲಿಗೆಯಿಂದ ತುಟಿ ಸವರಿಕೊಂಡು, ಚಿಕ್ಕವನಾಗಿದ್ದಾಗ ಕರೆಯುತ್ತಿದ್ದ ಹಾಗೆ "ಅಕ್ಕಯ್ಯಾ" ಎಂದ. ಅಷ್ಟೇ ಅಂದದ್ದು. ನೀರು ಎಂದು ಬಾಯಿಬಿಟ್ಟು ಕೇಳಲಿಲ್ಲ.

ಅವಳು ಬಾಟಲಿ ಹಿಡಿದು ನಲ್ಲಿಯ ಕೆಳಗೆ ನಿಂತಳು. ದಾರದವರೆಗೆ ತುಂಬಿಸಿದಳು. ದಾರ ಇದ್ದಲ್ಲೇ ಇತ್ತು. ತುಂಬಿದ್ದು ಮಾತ್ರ ಎರಡನೆಯ ಸಲ. ಅವನು ಕುಡಿದ ಪರಿ ನೋಡಿ ಅವಳ ಕರುಳು ತಂಪಾಯಿತು. ಸಂಜೆ ಇನ್ನೊಮ್ಮೆ ತುಂಬಿಸಿದಳು.

ಮರುದಿನ ಬೆಳಗ್ಗೆ ತೂಕದ ಯಂತ್ರದ ಮುಳ್ಳು ಎರಡು ಕಿಲೋ ಮುಂದೆ ನಿಂತಿತು. ಜ್ವರದಲ್ಲಿ ಮೂರು ದಿನ ಊಟ ಬಿಟ್ಟವನ ತೂಕ ಏರುವುದೆಂದರೇನು? ಅವಳು ಯಂತ್ರವನ್ನು ಕಾಲಿನಿಂದ ಮಂಚದಡಿಗೆ ನೂಕಿದಳು. ಒಂದು ಗಂಟೆಯೊಳಗೆ ಅವನಿಗೆ ಮಲಗಲಾಗದಂತಾಯಿತು. ಎದ್ದು ಕೂತು ಉಸಿರಿಗೆ ಬಾಯಿ ಬಿಡತೊಡಗಿದ. ಆಂಬುಲೆನ್ಸು ಬಂತು.

ಹೃದ್ರೋಗದ ತೀವ್ರ ನಿಗಾ ಘಟಕದ ಕೊನೆಯಲ್ಲಿ, ಸೋಂಕಿನವರಿಗೆಂದೇ ಬೇರೆ ಮಾಡಿದ ಗಾಜಿನ ಕೋಣೆಗಳು. ಒಳಗೆ ಹೋಗುವವರು ನಿಲುವಂಗಿ, ಕೈಗವಸು, ಮುಖಗವಸು ತೊಟ್ಟು ಹೋಗಬೇಕು. ಬರುವಾಗ ಎಲ್ಲವನ್ನೂ ಕಳಚಿ ಡಬ್ಬಿಗೆ ಹಾಕಬೇಕು. ತಮ್ಮನ ಮುಖಕ್ಕೆ ಬಿಗಿಯಾದ ಮಾಸ್ಕು, ಅದರಿಂದ ಯಂತ್ರಕ್ಕೆ ಹೋದ ಕೊಳವೆ. ಯಂತ್ರ ಗಾಳಿ ನೂಕಿದಾಗಲೆಲ್ಲ ಅವನ ಕೆನ್ನೆ ಉಬ್ಬುತ್ತಿತ್ತು.

ಡಾಕ್ಟರು ಅಕ್ಕನ ಮಗಳಾಗಬಹುದಾದ ವಯಸ್ಸಿನ ಹೆಂಗಸು. ಹಣೆಯ ಮೇಲೆ ಮಾಸ್ಕಿನ ಪಟ್ಟಿಯ ಗೆರೆ ಮೂಡಿತ್ತು. ಮಾತು ಮೆಲ್ಲಗೆ, ಆದರೆ ಬಿಡಿಬಿಡಿಯಾಗಿ.

"ನೋಡಿ ಅಮ್ಮಾ, ಎದೆಯ ಎಕ್ಸ್‌ರೇ ಪೂರ್ತಿ ಬೆಳ್ಳಗಿದೆ. ಅದು ವೈರಸ್ ಮಾಡಿದ್ದೋ ನೀರು ತುಂಬಿದ್ದೋ, ಚಿತ್ರ ನೋಡಿ ಹೇಳೋಕಾಗಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ. ರಕ್ತದೊತ್ತಡ ಬೇರೆ ಬಿದ್ದಿದೆ. ಒಣಗಿದ್ರೆ ನೀರು ಏರಿಸಬೇಕು, ತುಂಬಿದ್ರೆ ತೆಗೀಬೇಕು. ಮನೇಲಿ ನೀರು ಎಷ್ಟು ಕುಡಿದ್ರು?"

ಆರು ವರ್ಷದಿಂದ ಎಲ್ಲ ಡಾಕ್ಟರೂ ಕೇಳುತ್ತಿದ್ದ ಪ್ರಶ್ನೆ. ಆರು ವರ್ಷದಿಂದ ತಲೆಯೆತ್ತಿ ಕೊಡುತ್ತಿದ್ದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ತಾನಾಗಿ ಹೊರಬಿತ್ತು.

"ದಾರ ದಾಟಿಲ್ಲ ಡಾಕ್ಟ್ರೇ."

"ಅಂದ್ರೆ?"

"ಒಂದು ಬಾಟಲಿ. ಒಂದು ಲೀಟರು."

ಡಾಕ್ಟರು ತಲೆಯಾಡಿಸಿದಳು. "ಅವರೂ ಅದನ್ನೇ ಹೇಳಿದ್ರು. ಮಾಸ್ಕ್ ಹಾಕೋ ಮುಂಚೆ ಕೇಳಿದ್ದೆ. 'ನಮ್ಮ ಅಕ್ಕ ಕೊಡಬೇಕಲ್ಲ, ಒಂದೇ' ಅಂತ ಬೆರಳು ತೋರಿಸಿದ್ರು. ಹಾಗಾದ್ರೆ ಒಣಗಿರಬೇಕು. ಸ್ವಲ್ಪ ಸಲೈನ್ ಕೊಟ್ಟು ನೋಡ್ತೀವಿ."

ಅಕ್ಕ ಗಾಜಿನ ಕಡೆಗೆ ತಿರುಗಿ ತಮ್ಮನನ್ನು ನೋಡಿದಳು. ತಾನು ಹೆದರಿ ಸುಳ್ಳಾಡಿದಳು. ಅವನು ಯಾಕೆ ಆಡಿದ? ಅವನಿಗೆ ಗೊತ್ತಿಲ್ಲವೇ ಮೂರು ಬಾಟಲಿ? ಗೊತ್ತಿತ್ತು. ಉಸಿರು ಸಿಗದ ಬಾಯಲ್ಲೂ ಅಕ್ಕನ ಮರ್ಯಾದೆ ಉಳಿಸಿದ್ದ.

ಕಾಯುವವರ ಬೆಂಚಿನ ಮೇಲೆ ಕೂತು, ಅಪ್ಪ ಮುಸ್ಸಂಜೆಯಲ್ಲಿ ಹಾಡಿಸುತ್ತಿದ್ದ ದೇವರ ಪದ್ಯಗಳನ್ನು ಬಾಯೊಳಗೇ ಹೇಳಿಕೊಂಡಳು. ನೂರಾರು ಪದ್ಯ ಬಾಯಿಪಾಠ ಬರುವವಳಿಗೆ ಇವತ್ತು ಯಾವುದೂ ಎರಡನೆಯ ಸಾಲು ದಾಟಲಿಲ್ಲ. ದೇವರ ಮುಂದೆ ನಿಂತು ಅರ್ಧ ಹೇಳಿ ಅರ್ಧ ನುಂಗಿದ ಹಾಗೆ. ಆ ದೇವರು ಏನೆಂದುಕೊಳ್ಳುತ್ತಾನೆ? ಈ ಹುಡುಗಿ ಡಾಕ್ಟರು ಏನೆಂದುಕೊಳ್ಳುತ್ತಾಳೆ? ಆರು ವರ್ಷ ಕಾದು, ಕೊನೆಗೆ ತಾನೇ ಕೈಯಾರೆ ಕುಡಿಸಿದಳು ಅಂತ ಲೋಕ ಆಡಿಕೊಳ್ಳುವುದಿಲ್ಲವೇ?

ಗಾಜಿನ ಆಚೆ ನರ್ಸು ಕಂಬಕ್ಕೆ ಸಲೈನ್ ಚೀಲ ತೂಗುಹಾಕಿದಳು. ಹನಿ ಬೀಳತೊಡಗಿತು. ಅಕ್ಕ ಚೀಲವನ್ನೇ ನೋಡಿದಳು. ಅದರ ಮೇಲೆ ಗೆರೆಗಳಿದ್ದವು, ನೂರು, ಇನ್ನೂರು, ಮುನ್ನೂರು. ನೀರು ಒಂದು ಗೆರೆ ಇಳಿಯಿತು. ತಮ್ಮನ ಭುಜಗಳು ಮೊದಲಿಗಿಂತ ಜೋರಾಗಿ ಏರಿಳಿಯುತ್ತಿದ್ದವು. ಇನ್ನೊಂದು ಗೆರೆ ಇಳಿಯಿತು. ಇದು ನಾಲ್ಕನೆಯ ಬಾಟಲಿ ಎಂದು ಅವಳಿಗೆ ಆಗ ಹೊಳೆಯಿತು. ಇದನ್ನೂ ತಾನೇ ತುಂಬಿಸುತ್ತಿದ್ದೇನೆ.

ಎದ್ದವಳೇ ಗಾಜಿಗೆ ಅಂಗೈ ಬಡಿದಳು. "ನಿಲ್ಸಿ! ನಿಲ್ಸಿ ಅದನ್ನ!"

ಡಾಕ್ಟರು ಓಡಿಬಂದಳು.

"ಮೂರು ಬಾಟಲಿ," ಎಂದಳು ಅಕ್ಕ. "ನಿನ್ನೆ ಮೂರು ಕುಡಿಸಿದೀನಿ. ಬೆಳಗ್ಗೆ ತೂಕ ಎರಡು ಕಿಲೋ ಏರಿತ್ತು, ಯಂತ್ರಾನ ಮಂಚದ ಕೆಳಗೆ ತಳ್ಳಿದೆ. ನಾನು ಸುಳ್ಳು ಹೇಳಿದೆ ತಾಯಿ. ಅವನೂ ನನಗೋಸ್ಕರ ಹೇಳಿದ."

ಡಾಕ್ಟರು ಬೈಯಲಿಲ್ಲ. ತಿರುಗಿ ಗಾಜಿನ ಆಚೆಗೆ ಕೈಸನ್ನೆ ಮಾಡಿದಳು. ನರ್ಸು ಸಲೈನು ನಿಲ್ಲಿಸಿ, ನೀರು ಇಳಿಸುವ ಚುಚ್ಚುಮದ್ದಿಗೆ ಓಡಿದಳು.

ಸಂಜೆ ಅಕ್ಕನಿಗೂ ನಿಲುವಂಗಿ ತೊಡಿಸಿ ಒಳಗೆ ಬಿಟ್ಟರು. ಗಂಟಲಿಗೆ ಕೊಳವೆ ಹಾಕಿ ಪೂರ್ತಿ ಯಂತ್ರಕ್ಕೆ ಒಪ್ಪಿಸುವುದಿತ್ತು. ಅದಕ್ಕೂ ಮೊದಲು ಎರಡು ನಿಮಿಷ. ಮಂಚಕ್ಕೆ ತೂಗುಹಾಕಿದ ಚೀಲದಲ್ಲಿ ಮೂತ್ರ ತುಂಬುತ್ತಿತ್ತು. ಅದನ್ನು ನೋಡಿ ಅವಳಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

"ಹೇಳಿಬಿಟ್ಟೆ ಕಣೋ," ಎಂದಳು.

ತಮ್ಮ ಕಣ್ಣರಳಿಸಿದ. ನಿಧಾನವಾಗಿ ಕೈಯೆತ್ತಿ ತನ್ನ ಹಣೆಯನ್ನು ಮೆಲ್ಲಗೆ ಚಚ್ಚಿಕೊಂಡ, ಮಾಡಿದ ಉಪಕಾರವನ್ನೆಲ್ಲ ಹಾಳುಮಾಡಿದೆಯಲ್ಲೇ ಎನ್ನುವ ಹಾಗೆ. ಮಾಸ್ಕಿನೊಳಗೆ ನಕ್ಕಿರಬೇಕು, ಮಾಸ್ಕಿನ ಅಂಚು ಸಡಿಲಾಗಿ ಯಂತ್ರ ಕೂಗಿಕೊಂಡಿತು. "ನಗಿಸಬೇಡಿ ಅಮ್ಮಾ, ಗಾಳಿ ಸೋರುತ್ತೆ," ಎಂದಳು ನರ್ಸು.

"ನಾನೆಲ್ಲಿ ನಗಿಸಿದೆ? ಅವನು ಹುಟ್ಟಿದ್ದೇ ಹಾಗೆ."

ಅಕ್ಕ ಅವನ ಪಾದ ಮುಟ್ಟಿ ನೋಡಿದಳು. ಕೈಗವಸಿನ ಹೆಬ್ಬೆರಳು ಒತ್ತಿದಲ್ಲಿ ಗುಳಿ ಬಿತ್ತು. ಗುಳಿ ತುಂಬಿಕೊಳ್ಳುವವರೆಗೆ ನಿಂತಳು. ಅಷ್ಟಕ್ಕೇ ಎರಡು ನಿಮಿಷ ಮುಗಿಯಿತು.

ಮೂರು ದಿನದಲ್ಲಿ ಅವನ ಮೈಯ ನೀರೆಲ್ಲ ಇಳಿಯಿತು. ಪಾದದ ಗುಳಿ ಹೋಯಿತು. ಹೃದಯ ಮಾತ್ರ ಏಳಲಿಲ್ಲ. ವೈರಸ್ಸು ಹೃದಯದ ಮಾಂಸಕ್ಕೇ ಇಳಿದಿದೆ, ಮೊದಲೇ ಸೋತಿದ್ದು ಇನ್ನಷ್ಟು ಸೋತಿದೆ ಎಂದಳು ಡಾಕ್ಟರು. ಔಷಧಿಯ ಪಂಪುಗಳು ಎರಡಿದ್ದದ್ದು ನಾಲ್ಕಾದವು, ಆರಾದವು. ನಾಲ್ಕನೆಯ ದಿನ ಬೆಳಗ್ಗೆ, ಆಸ್ಪತ್ರೆಯ ನೆಲ ಒರೆಸುವ ಹೊತ್ತಿಗೆ, ಗಾಜಿನ ಕೋಣೆಯ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿದರು.

ಡಾಕ್ಟರು ಹೊರಗೆ ಬಂದು ಬೆಂಚಿನ ಮೇಲೆ ಪಕ್ಕದಲ್ಲೇ ಕೂತಳು.

"ನೀರಿಂದ ಅಲ್ಲ ಅಮ್ಮಾ. ವೈರಸ್ಸಿಂದ."

"ನೀರಿಂದ ಸ್ವಲ್ಪಾನೂ ಅಲ್ವಾ?"

ಬೇರೆ ಯಾರಾದರೂ ಆಗಿದ್ದರೆ ಇಲ್ಲ ಎಂದುಬಿಡುತ್ತಿದ್ದರು.

"ಸ್ವಲ್ಪ," ಎಂದಳು ಡಾಕ್ಟರು.

ಅಕ್ಕ ಕೈ ಮುಗಿದಳು. ಎರಡು ಸುಳ್ಳುಗಳ ನಡುವೆ ಹಾದು ಬಂದವಳಿಗೆ ಆ ಒಂದು ಮಾತು ಭಾರವಾಗಿತ್ತು, ಆದರೆ ಕಾಲೂರಿ ನಿಲ್ಲುವುದಕ್ಕೆ ಅದೊಂದೇ ನೆಲವೂ ಆಗಿತ್ತು.

ಎಲ್ಲ ಮುಗಿಸಿ ಮನೆಗೆ ಬಂದ ಮರುದಿನ ಮಂಚದಡಿಯಿಂದ ತೂಕದ ಯಂತ್ರ ಎಳೆದು, ಧೂಳು ಒರೆಸಿ, ಅದರ ಜಾಗದಲ್ಲಿ ಇಟ್ಟಳು. ಅಡುಗೆಮನೆಗೆ ಹೋಗಿ ಬಾಟಲಿ ತೊಳೆದು ನಲ್ಲಿಯ ಕೆಳಗೆ ಹಿಡಿದಳು. ಮನಸ್ಸು ಎಲ್ಲೋ ಇತ್ತು. ನೀರು ದಾರಕ್ಕಿಂತ ಎರಡು ಬೆರಳು ಮೇಲೇರಿತು. ಛೇ ಎಂದುಕೊಂಡು, ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಸ್ವಲ್ಪ ಸ್ವಲ್ಪವೇ ಚೆಲ್ಲಿ, ನೀರನ್ನು ಸರಿಯಾಗಿ ದಾರದ ಮೇಲೆ ತಂದು ನಿಲ್ಲಿಸಿದಳು.

ಆಮೇಲೆ, ಯಾರಿಗಾಗಿ ತುಂಬಿಸಿದೆ ಎಂಬುದು ನೆನಪಾಯಿತು. ನಲ್ಲಿ ಇನ್ನೂ ಸುರಿಯುತ್ತಿತ್ತು.