ಇಪ್ಪತ್ತೆಂಟರ ಬೆನ್ನು ಹತ್ತಿದ ಚನ್ನಬಸಯ್ಯ

ಸಿಂದಗಿಯ ಸಂತೆಯಿಂದ ಚನ್ನಬಸಯ್ಯನವರು ಮನೆಗೆ ಮರಳುವ ನೋಟವನ್ನು ಒಮ್ಮೆ ಕಂಡವರು ಮರೆಯಲಾರರು. ಬದನೆಕಾಯಿ, ಉಳ್ಳಾಗಡ್ಡಿ, ಮೆಂತ್ಯಪಲ್ಲೆ ಏನೇ ಇರಲಿ, ಎಲ್ಲವನ್ನೂ ಎರಡು ಚೀಲಗಳಿಗೆ ಸಮಸಮನಾಗಿ ಹಂಚಿ, ಎಡಗೈಗೊಂದು ಬಲಗೈಗೊಂದು ಹಿಡಿದು, ಹೆಗಲು ಕೂದಲೆಳೆಯಷ್ಟೂ ಓರೆಯಾಗದಂತೆ ನೆಟ್ಟಗೆ ನಡೆಯುವರು. ಕುಂಬಳಕಾಯಿ ಕೊಳ್ಳಬೇಕಾದ ದಿನ ಮಾತ್ರ ಅವರಿಗೆ ಧರ್ಮಸಂಕಟ. ಒಂದನ್ನು ಒಂದೇ ಕೈಯಲ್ಲಿ ಹೊರಲಾರದೆ ಅದರ ಸರಿಜೋಡಿಯನ್ನು ಹುಡುಕಿ ಇನ್ನೊಂದು ಕೊಳ್ಳುವರು. ಆ ವಾರವೆಲ್ಲ ಹೆಂಡತಿ ಕಸ್ತೂರೆವ್ವ ಕುಂಬಳದ ಪಲ್ಯ, ಕುಂಬಳದ ಸಾರು, ಕುಂಬಳದ ಕಡಬು ಎಂದು ಒಲೆಯ ಮುಂದೆ ಗೊಣಗುವರು.

ಮೂವತ್ತೊಂದು ವರ್ಷ ಅವರು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್ ಆಗಿದ್ದವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಪೇಟೆಗಳ ತಕ್ಕಡಿಗಳಿಗೆ ಅವರ ಮುದ್ರೆಯೇ ಮುದ್ರೆ. ಇಂಡಿಯಲ್ಲಿ ಸ್ವಂತ ಸೋದರಮಾವನ ಅಂಗಡಿಯ ಎರಡು ಕಿಲೋದ ಕಲ್ಲು ಇಪ್ಪತ್ತು ಗ್ರಾಂ ಸವೆದದ್ದನ್ನು ಹಿಡಿದು ಕೇಸು ಬರೆದು, ಮಧ್ಯಾಹ್ನ ಅದೇ ಮಾವನ ಮನೆಗೆ ಊಟಕ್ಕೆ ಹೋಗಿ, ಮುನಿದ ಅತ್ತೆ ನೀಡಿದ ಅರ್ಧ ರೊಟ್ಟಿಯನ್ನು ನ್ಯಾಯವಾದ ಶಿಕ್ಷೆಯೆಂದೇ ಉಂಡು ಎದ್ದ ಧೀರರು. ಸರಕಾರದ ಮುದ್ರೆ ಬಿದ್ದ ಅಂಕಿ ಸುಳ್ಳಾಗಲಾರದೆಂಬುದು ಅವರ ಬಾಳಿನ ಮೂಲಮಂತ್ರ.

ಅಂಥವರು ನಿವೃತ್ತಿಯ ಮೂರನೆಯ ವರ್ಷ ವಿಜಯಪುರದ ಶೋರೂಮಿನಿಂದ ಹೈಬ್ರಿಡ್ ಕಾರು ತಂದರು. ಪೆಟ್ರೋಲಿನಿಂದಲೂ ಓಡುವ, ಬ್ಯಾಟರಿಯಿಂದಲೂ ಓಡುವ, ಬ್ರೇಕು ಒತ್ತಿದಾಗ ತಾನೇ ವಿದ್ಯುತ್ತು ಗಳಿಸಿಕೊಳ್ಳುವ ಆ ವಾಹನದ ಜಾಣತನಕ್ಕಿಂತ ಅವರನ್ನು ಗೆದ್ದದ್ದು ಮಾರುವವನ ಒಂದು ಮಾತು: "ಲೀಟರಿಗೆ ಇಪ್ಪತ್ತೆಂಟು ಸರ್. ಸರಕಾರದವ್ರ ಟೆಸ್ಟ್ ಮಾಡಿ ಕೊಟ್ಟ ನಂಬರ್ ಐತ್ರಿ."

ಮೊದಲ ತಿಂಗಳ ಕೊನೆಗೆ ಬಂದದ್ದು ಇಪ್ಪತ್ತೊಂದು.

ಟ್ಯಾಂಕು ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕುವ ಪದ್ಧತಿ ಅವರದು; ಕಾರಿನ ಪರದೆ ಇಪ್ಪತ್ತನಾಲ್ಕು ಎಂದು ತೋರಿಸುತ್ತಿತ್ತಾದರೂ, ತನ್ನ ಸರಕನ್ನು ತಾನೇ ತೂಗುವವನ ಮಾತು ಅವರಿಗೆ ಪ್ರಮಾಣವಲ್ಲ. ಮೊದಲ ಗುಮಾನಿ ಪೆಟ್ರೋಲ್ ಪಂಪಿನ ಮೇಲೆ ಬಿತ್ತು. ಹಿಂದೆ ಹತ್ತು ಬಂಡಿ ಹಾರ್ನು ಹೊಡೆಯುತ್ತಿರಲು ಐದು ಲೀಟರಿನ ಅಳತೆಪಾತ್ರೆ ತರಿಸಿ, ನೆಲಕ್ಕೆ ಮಂಡಿಯೂರಿ, ಉಸಿರು ಬಿಗಿಹಿಡಿದು ನೋಡಿದರು. ಪೆಟ್ರೋಲು ಗೆರೆಗೆ ಸರಿಯಾಗಿ ನಿಂತಿತ್ತು. ಪಂಪಿನವನಿಗೆ ಕೈಮುಗಿದು ಕ್ಷಮೆ ಕೇಳಿ ಬಂದರು. ಆಮೇಲೆ ಡಿಕ್ಕಿಯಿಂದ ನೀರಿನ ಕ್ಯಾನು ಇಳಿಯಿತು, ಚಾಪೆ ಇಳಿಯಿತು, ಕಸ್ತೂರೆವ್ವನ ಕೊಡೆಯೂ ಇಳಿಯಿತು. ಏಪ್ರಿಲಿನ ಬಿಸಿಲಲ್ಲಿ ಎ.ಸಿ. ಬಂದ್ ಆಯಿತು. ಅಂಕಿ ಇಪ್ಪತ್ತೆರಡಕ್ಕೆ ಹತ್ತಿ ಅಲ್ಲೇ ಕುಳಿತಿತು. ಕಡೆಗೆ ಶೋರೂಮಿಗೆ ಫೋನು ಹಚ್ಚಿದರೆ, ಆ ಪರೀಕ್ಷೆಯನ್ನು ಕೋಣೆಯೊಳಗೆ, ಉರುಳೆಗಳ ಮೇಲೆ ಕಾರನ್ನು ನಿಲ್ಲಿಸಿ ಮಾಡುತ್ತಾರೆಂಬ ಉತ್ತರ ಬಂತು.

"ಖೋಲ್ಯಾಗ?" ಚನ್ನಬಸಯ್ಯನವರ ದನಿ ಏರಿತು. "ಆ ಖೋಲ್ಯಾಗ ಎದುರುಗಾಳಿ ಬೀಸತೈತೇನು? ಎಮ್ಮಿ ಅಡ್ಡ ಬರ್ತಾವೇನು?"

"ಎಮ್ಮಿ ಬರಂಗಿಲ್ರಿ, ಸರ್" ಎಂದು ಆ ಕಡೆಯವನು ವಿನಯದಿಂದಲೇ ಒಪ್ಪಿಕೊಂಡನು.

ಅವರಿಗೆ ಎರಡು ದಿನ ಅನ್ನ ಸೇರಲಿಲ್ಲ. ಸರಕಾರದ ಮುದ್ರೆ ಸುಳ್ಳೋ, ತಮ್ಮ ಕಾಲಿನ ಒತ್ತಡ ತಪ್ಪೋ, ಎರಡರಲ್ಲೊಂದು ನಿಶ್ಚಯವಾಗಲೇಬೇಕಿತ್ತು. ಅಷ್ಟರಲ್ಲಿ ಮುದ್ದೇಬಿಹಾಳದ ತೊಗರಿ ವ್ಯಾಪಾರಿ, ಹಳೆಯ ಗೆಳೆಯ ಶಂಕರೆಪ್ಪನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕರೆ ಬಂತು. ತನ್ನ ಡೀಸೆಲ್ ಜೀಪು ಹದಿನೆಂಟು ಕೊಡುತ್ತದೆಂದು ಎಲ್ಲರೆದುರು ಮೀಸೆ ತೀಡುವ ಶಂಕರೆಪ್ಪನ ಅಂಗಳದಲ್ಲೇ ಇಪ್ಪತ್ತೆಂಟನ್ನು ಸಾಧಿಸಿ ತೋರಿಸುವುದೆಂದು ಚನ್ನಬಸಯ್ಯನವರು ಸಂಕಲ್ಪ ಮಾಡಿದರು.

ಬೆಳಿಗ್ಗೆ ಆರಕ್ಕೆ ಸಿಂದಗಿಯಲ್ಲಿ ಟ್ಯಾಂಕು ತುಂಬಿಸಿ ಹೊರಟರು. ವೇಗ ನಲವತ್ತರ ಮೇಲೆ ಏರಲಿಲ್ಲ. ಬ್ಯಾಟರಿಯ ಮೇಲೆ ಸದ್ದಿಲ್ಲದೆ ತೇಲುವ ಕಾರು ಹಿಂದೆ ಬಂದದ್ದು ತಿಳಿಯದೆ ದೇವರ ಹಿಪ್ಪರಗಿಯ ಬಳಿ ಕುರಿಹಿಂಡೊಂದು ರಸ್ತೆಯ ನಡುವೆಯೇ ಮೆಲುಕುಹಾಕುತ್ತ ನಿಂತಿತು. ಹಾರ್ನಿಗೂ ಬ್ಯಾಟರಿ ಖರ್ಚಾದೀತೆಂದು ಇವರು ಕಿಟಕಿಯಿಂದ ತಲೆ ಹಾಕಿ "ಹೋ, ಹೋ" ಎಂದು ಕೂಗಿದರು. ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ಇವರನ್ನು ದಾಟಿ ಹೋಯಿತು. ಕಸ್ತೂರೆವ್ವ ಸೆರಗಿನಿಂದ ಬೆವರು ಒರೆಸಿಕೊಂಡು ಅದನ್ನು ನೋಡಿದರು. ಬಸವನ ಬಾಗೇವಾಡಿಯಲ್ಲಿ ಗಾಲಿಗೆ ಗಾಳಿ ತುಂಬಿಸಲು ನಿಂತಾಗ ಕಸ್ತೂರೆವ್ವ ಬಾಗಿಲು ತೆರೆದು ಇಳಿದರು.

"ನಾ ಬಸ್ಸಿಗೆ ಬರ್ತೇನ್ರಿ. ಕೂಸು ತೊಟ್ಟಿಲದಾಗ ಇರೂದರಾಗ ಮುಟ್ಟಬೇಕಲ್ಲ, ಸಾಲಿಗೆ ಹೋಗೂ ಹೊತ್ತಿಗೆ ಮುಟ್ಟಿ ಏನ್ ಮಾಡ್ಲಿ?"

ತಡೆಯಬೇಕೆಂದು ಚನ್ನಬಸಯ್ಯನವರಿಗೆ ಅನಿಸಿತು. ಅದರ ಬೆನ್ನಿಗೇ, ಅರವತ್ತೆಂಟು ಕಿಲೋ ಹಗುರಾದ ಕಾರು ತುಸು ಮೇಲೆದ್ದಂತೆಯೂ ಅನಿಸಿತು. ಅವರು ತಡೆಯಲಿಲ್ಲ.

ಮುದ್ದೇಬಿಹಾಳ ತಲುಪಿ, ಊರಬಾಗಿಲ ಪಂಪಿನಲ್ಲಿ ಮತ್ತೆ ಟ್ಯಾಂಕು ತುಂಬಿಸಿ ಬಾಯಿಲೆಕ್ಕ ಹಾಕಿದರು. ಇಪ್ಪತ್ತೆಂಟು! ಒಂದು ಕೂದಲು ಮೇಲೆಯೇ. ಅಂಗಿ ಬೆನ್ನಿಗೆ ಅಂಟಿದ, ಮುಖ ಕೆಂಡವಾದ ಆ ಪುರುಷ ಶಂಕರೆಪ್ಪನ ಅಂಗಳಕ್ಕೆ ಕಾಲಿಟ್ಟಾಗ ತೊಟ್ಟಿಲ ಹಾಡು ಮುಗಿದಿತ್ತು, ಪಂಕ್ತಿಗಳೆರಡು ಎದ್ದಿದ್ದವು, ಕಸ್ತೂರೆವ್ವ ಹೋಳಿಗೆ ಉಂಡು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

"ಶಂಕರೆಪ್ಪಾ, ಇಪ್ಪತ್ತೆಂಟು ಬಂತು! ಮುದ್ರಿ ಖರೇ ಐತಿ!"

ಅಂಗಳವೆಲ್ಲ ತಿರುಗಿ ನೋಡಿತು. ಕಸ್ತೂರೆವ್ವ ಅಡಿಕೆಯನ್ನು ದವಡೆಗೆ ಸರಿಸಿ, ತಣ್ಣಗೆ ಕೇಳಿದರು: "ನನ್ನ ಅರ್ಧ ದಾರ್ಯಾಗ ಇಳಿಸಿ ಬಂದದ್ದು ಲೆಕ್ಕಕ್ಕ ಹಿಡದೀರೇನ್ರಿ? ಅಂಗಡ್ಯಾಂವ ಹಿಂಗ ತೂಗಿದ್ರ ನೀವು ಕೇಸ್ ಬರೀತಿದ್ರಿ."

ಚನ್ನಬಸಯ್ಯನವರ ಮೈಯ ಬೆವರು ಒಮ್ಮೆಲೇ ತಣ್ಣಗಾಯಿತು. ಬಾಗೇವಾಡಿಯಲ್ಲಿ ತಾವು ತಡೆಯದೆ ಸುಮ್ಮನಿದ್ದ ಆ ಕ್ಷಣ ಕಣ್ಣಮುಂದೆ ಬಂದು ನಿಂತಿತು. ನಗಬಹುದಿತ್ತು, ಮಾತು ಮರೆಸಬಹುದಿತ್ತು. ಊಟಕ್ಕೆ ಕರೆಯುತ್ತಿದ್ದರು, ಹೋಗಿಬಿಡಬಹುದಿತ್ತು. ಆದರೆ ಅವರು ನಿಂತಲ್ಲೇ ಗಂಟಲು ಸರಿಪಡಿಸಿಕೊಂಡರು.

"ಕಸ್ತೂರಿ ಹೇಳೂದು ಬರೋಬರಿ ಐತಿ. ಇದು ಕಳ್ಳ ತೂಕ. ಇಬ್ಬರು ಕುಂತು, ಮನುಷ್ಯಾರಂಗ ಓಡಿಸಿದ್ರ ನಮ್ಮ ಕಾರು ಕೊಡೂದು ಇಪ್ಪತ್ತೊಂದು. ಅಷ್ಟ."

ಶಂಕರೆಪ್ಪ ಮೀಸೆಯಿಂದ ಕೈ ತೆಗೆದನು.

"ಅಯ್ನಾರ, ನೀವ ಇಷ್ಟು ಹೇಳಿದ ಮ್ಯಾಲೆ... ನಮ್ಮ ಜೀಪು ಹನ್ನೊಂದ್ರಿ."

"ಹನ್ನೊಂದು ಯಾವಾಗ್ರಿ ಸಾವಕಾರ?" ಎಂದು ಬಾಡಿಗೆ ಟೆಂಪೊ ತಂದಿದ್ದ ಅಮೀರ ಮೂಲೆಯಿಂದ ಎದ್ದನು. "ಹೋದ ವಾರ ನಾನ ಓಡಿಸೇನಲ್ಲ, ಒಂಬತ್ತು ಕೊಟ್ಟದ್ದ ದೊಡ್ಡದು. ನನ್ನ ಟೆಂಪೊದ್ದು ಕೇಳಬ್ಯಾಡ್ರಿ, ಅದು ಕುಡಿಯೂದು ನೋಡಿದ್ರ ನನಗ ನಾಚಿಕಿ ಬರ್ತೈತಿ."

ಅಂಗಳ ಒಡೆದುಹೋಗುವಂತೆ ನಗು ಎದ್ದಿತು. ಆಮೇಲಿನ ಅರ್ಧ ತಾಸು ಅಲ್ಲಿ ಒಬ್ಬೊಬ್ಬರಾಗಿ ತಮ್ಮ ತಮ್ಮ ಬೈಕು, ಕಾರು, ಟ್ರ್ಯಾಕ್ಟರುಗಳ ನಿಜವನ್ನು ಕಕ್ಕಿದರು. ಎಪ್ಪತ್ತೆಂದು ಮೆರೆದ ಬೈಕುಗಳು ನಲವತ್ತೈದಕ್ಕೆ ಇಳಿದವು, ಇಳಿದಷ್ಟೂ ಅವುಗಳ ಯಜಮಾನರ ಮುಖ ಹಗುರಾಯಿತು.

ಊಟ ಮುಗಿಸಿ ಹೊರಟಾಗ ಚನ್ನಬಸಯ್ಯನವರು ತಾವೇ ಬಾಗಿಲು ತೆರೆದು ಕಸ್ತೂರೆವ್ವನನ್ನು ಕೂರಿಸಿ, ಎ.ಸಿ. ಹಚ್ಚಿ, ಅರವತ್ತರ ವೇಗದಲ್ಲಿ ಸಿಂದಗಿಯತ್ತ ತಿರುಗಿದರು. ತಾಳಿಕೋಟಿ ದಾಟುವಷ್ಟರಲ್ಲಿ ಕಸ್ತೂರೆವ್ವನಿಗೆ ನಿದ್ದೆ ಹತ್ತಿತ್ತು.

ಇಂಥವರ ಜೊತೆ ಬಾಳುವುದು ಸುಲಭವಲ್ಲ. ಒಂದು ಅಂಕಿಯ ಬೆನ್ನು ಹತ್ತಿ ಮನೆಮಂದಿಯನ್ನೆಲ್ಲ ಬಿಸಿಲಲ್ಲಿ ಬೇಯಿಸಿಬಿಡುತ್ತಾರೆ. ಲೋಕ ಕೋಣೆಯೊಳಗಿನ ಉರುಳೆಗಳ ಮೇಲೆ ಓಡುವುದಿಲ್ಲವೆಂಬ ಸಾಮಾನ್ಯ ಸಂಗತಿ ಅವರಿಗೆ ಎಲ್ಲರಿಗಿಂತ ತಡವಾಗಿ ತಿಳಿಯುತ್ತದೆ. ಆದರೆ ತಿಳಿದ ಗಳಿಗೆಯಲ್ಲಿ, ಗೆದ್ದ ಆಟವನ್ನು ತಾವೇ ಅಳಿಸಿ ಸೋತೆನೆನ್ನುವ ಧೈರ್ಯ ಅವರಿಗಲ್ಲದೆ ಬೇರೆಯವರಿಗಿಲ್ಲ. ಮತ್ತು ಅಂಥವನೊಬ್ಬ ಅಂಗಳದಲ್ಲಿ ನಿಂತ ದಿನ ಉಳಿದವರಿಗೂ ನಿಜ ಹೇಳುವುದು ಅಷ್ಟೇನೂ ಕಷ್ಟವೆನಿಸುವುದಿಲ್ಲ.